ಗಂಟೆಗೆ 50 ಮಿ.ಮೀ. ಮಳೆ, ಮುಂದೆ ಉಬ್ಬರದ ಸಮುದ್ರ: ಪಂಪ್ ಸ್ಟೇಷನ್ ಲೆಕ್ಕ ಎಲ್ಲಿಂದ ಶುರು ಮಾಡಲಿ?

ಗದಗಿನ_ಗಣಿತ

ಎಲ್ಲರಿಗೂ ನಮಸ್ಕಾರ. ಸಿವಿಲ್ ಮುಗಿಸಿ ಮೂರು ವರ್ಷ ಆಯಿತು. ಊರು ಗದಗ, ಕೆಲಸ ನವಿ ಮುಂಬಯಿಯ ಒಂದು ಕನ್ಸಲ್ಟೆನ್ಸಿಯಲ್ಲಿ. ಇಷ್ಟು ದಿನ ಚರಂಡಿ, ಕಲ್ವರ್ಟ್ ಮಾಡಿಕೊಂಡು ಹಾಯಾಗಿದ್ದೆ. ಹೋದ ವಾರ ಬಾಸ್ ಬಂದು, ಸಮುದ್ರಕ್ಕೆ ಸೇರುವ ಒಂದು ನಾಲೆಯ ಬಾಯಿಗೆ ಮಳೆನೀರಿನ ಪಂಪ್ ಸ್ಟೇಷನ್ ಬೇಕು, ಮೊದಲ ಅಂದಾಜು ನೀನೇ ಮಾಡು ಅಂದರು.

ನಮ್ಮ ಕಡೆ ಪಂಪ್ ಅಂದರೆ ಬೋರ್‌ವೆಲ್ಲಿಗೆ ಇಳಿಸುವ ಮೋಟರ್. ಇಲ್ಲಿ ಒಂದೊಂದು ಪಂಪ್ ಸೆಕೆಂಡಿಗೆ 6,000 ಲೀಟರ್ ಎತ್ತಬೇಕಂತೆ. ಅಂದರೆ ಒಂದು ಟ್ಯಾಂಕರ್ ನೀರು, ಒಂದೇ ಸೆಕೆಂಡಲ್ಲಿ.

ನನ್ನ ಲೆಕ್ಕ ಹೀಗಿದೆ. ನೀರು ಹರಿದು ಬರುವ ಜಾಗ 170 ಹೆಕ್ಟೇರ್. ಮಳೆ ಗಂಟೆಗೆ 50 ಮಿ.ಮೀ. ಎಲ್ಲಾ ಕಾಂಕ್ರೀಟ್ ಆಗಿರುವುದರಿಂದ ರನ್‌ಆಫ್ 1, ಅಂದರೆ ಬಿದ್ದ ನೀರೆಲ್ಲಾ ಹರಿದು ಬರುತ್ತದೆ. ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ 23.6 ಘನ ಮೀಟರ್. 6ರ ನಾಲ್ಕು ಪಂಪ್, ಒಂದು ಸ್ಟ್ಯಾಂಡ್‌ಬೈ. ಸರೀನಾ? ಇಷ್ಟೇ ಆದರೆ ಬಾಸ್ ಒಂದು ತಿಂಗಳು ಯಾಕೆ ಕೊಟ್ಟರು ಅಂತ ಅನುಮಾನ.

ಹಳೇ_ಪಂಪು

ಗುಣಾಕಾರ ಸರಿ ಇದೆ ತಮ್ಮಾ. ಒಂದು ತಿಂಗಳು ಯಾಕೆ ಅಂತ ಹೇಳ್ತೀನಿ. ನಾನು ಮೆಕ್ಯಾನಿಕಲ್, ಮುಂಬಯಿಯಲ್ಲಿ ಪಂಪ್‌ಗಳ ಜೊತೆ ಮೂವತ್ತು ವರ್ಷ ಕಳೆದು ಈಗ ರಿಟೈರ್ ಆಗಿದೀನಿ.

ನೀನು ಮಳೆಯಿಂದ ಶುರು ಮಾಡಿ ಪಂಪಿಗೆ ಬಂದೆ. ಎದುರುಗಡೆಯಿಂದಲೂ ಬಾ. ಸಮುದ್ರದಿಂದ.

ಮುಂಬಯಿಯ ಚರಂಡಿಗಳು ಕಡಲಿಗೋ ಖಾರಿಗೋ (ಒಳಗೆ ಚಾಚಿದ ಕಡಲ ಕವಲಿಗೋ) ಬೀಳುವ ಬಾಯಿಗಳು 186. ಅದರಲ್ಲಿ 45 ಸರಾಸರಿ ಸಮುದ್ರ ಮಟ್ಟಕ್ಕಿಂತ ಕೆಳಗಿವೆ. 135 ಸರಾಸರಿಗಿಂತ ಮೇಲೆ, ಆದರೆ ಉಬ್ಬರದ ಮಟ್ಟಕ್ಕಿಂತ ಕೆಳಗೆ. ಉಬ್ಬರಕ್ಕೂ ಸಿಗದೆ ಇರುವುದು ಬರೀ ಆರು. ಹಾಗಾಗಿ ಉಬ್ಬರ ಬಂದಾಗ ನೀರು ತಾನಾಗಿ ಹೊರಗೆ ಹೋಗುವುದಿಲ್ಲ. ಗೇಟ್ ಇಲ್ಲದಿದ್ದರೆ ಸಮುದ್ರವೇ ಒಳಗೆ ಬರುತ್ತದೆ. ಹಳೇ ಚರಂಡಿಗಳನ್ನ ಗಂಟೆಗೆ 25 ಮಿ.ಮೀ. ಮಳೆಗೆ, ಅದರಲ್ಲೂ ಅರ್ಧ ನೀರು ಮಣ್ಣಿಗೆ ಇಂಗುತ್ತದೆ ಅನ್ನುವ ಲೆಕ್ಕದಲ್ಲಿ ಕಟ್ಟಿದ್ದು. ಮುಂಬಯಿಯ ಮಳೆನೀರು ಚರಂಡಿ ಸುಧಾರಿಸಲು ಮಾಡಿದ 1993ರ ಬ್ರಿಮ್‌ಸ್ಟೋವಾಡ್ ವರದಿ ಅದನ್ನ 50ಕ್ಕೆ ಏರಿಸಿ, ಇಂಗುವುದು ಸೊನ್ನೆ ಅಂತ ಹಿಡಿಯಿತು. ನೀನು ಬಳಸಿದ ಎರಡೂ ಅಂಕಿ ಅಲ್ಲಿಂದಲೇ ಬಂದದ್ದು. ವರದಿ ಕಪಾಟಲ್ಲೇ ಇತ್ತು. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದ ಮೇಲೆ ಧೂಳು ಕೊಡವಿದರು.

ಈಗ ನಿನ್ನ ಮೊದಲ ಗುಂಡಿ ಇದು. ಟೈಡ್ ಟೇಬಲ್‌ನಲ್ಲಿ, ಅಂದರೆ ಉಬ್ಬರ ಇಳಿತದ ಪಟ್ಟಿಯಲ್ಲಿ, 4.8 ಮೀಟರ್ ಅಂತ ಓದ್ತೀಯ. ಸರ್ವೆಯವನು ರಸ್ತೆ ಮಟ್ಟ 2.9 ಅಂತ ಕೊಟ್ಟಿರ್ತಾನೆ. ಅಯ್ಯೋ, ಸಮುದ್ರ ರಸ್ತೆಗಿಂತ ಎರಡು ಮೀಟರ್ ಮೇಲಿದೆ ಅಂತ ಗಾಬರಿ ಆಗಬೇಡ. ಟೈಡ್ ಟೇಬಲ್‌ನ ಸೊನ್ನೆ ಚಾರ್ಟ್ ಡೇಟಮ್. ಮುಂಬಯಿಯಲ್ಲಿ ಅದು ಸರಾಸರಿ ಸಮುದ್ರ ಮಟ್ಟಕ್ಕಿಂತ ಸುಮಾರು ಎರಡೂವರೆ ಮೀಟರ್ ಕೆಳಗೆ. ಸರ್ವೆಯವನ ಸೊನ್ನೆ ಸರಾಸರಿ ಸಮುದ್ರ ಮಟ್ಟ. ಹಾಗಾಗಿ ಆ 4.8 ಸರ್ವೆ ಲೆಕ್ಕದಲ್ಲಿ 2.3. ಇದರ ಮೇಲೆ ಹಳೇ ಡ್ರಾಯಿಂಗ್‌ಗಳಲ್ಲಿ ಟೌನ್ ಹಾಲ್ ಡೇಟಮ್ ಅಂತ ಇನ್ನೊಂದು ಇರುತ್ತದೆ. ಅದರ ಅಂಕಿಗಳೇ ಬೇರೆ. ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೋ. ಈ ಒಂದು ತಪ್ಪಿನಿಂದ ಎರಡು ಮೀಟರ್ ಜಾಸ್ತಿ ಹೆಡ್‌ಗೆ (ನೀರು ಎತ್ತಬೇಕಾದ ಎತ್ತರಕ್ಕೆ) ಪಂಪ್ ಆರಿಸಿದವರನ್ನ ನಾನು ನೋಡಿದೀನಿ.

ಗದಗಿನ_ಗಣಿತ

ಸರ್, ನಾನೂ ಹಾಗೇ ಮಾಡಿದ್ದೆ. 😐 ಈಗಲೇ ತಿದ್ದಿದೆ.

ಸಂಪ್‌ನ (ಪಂಪ್ ನೀರೆತ್ತುವ ಗುಂಡಿಯ) ಕಡಿಮೆ ಮಟ್ಟ ಮೈನಸ್ 2, ಸಮುದ್ರ ಪ್ಲಸ್ 2.3, ಪೈಪು ಮತ್ತು ಬಾಗಿಲ ನಷ್ಟ ಮುಕ್ಕಾಲು ಮೀಟರ್ ಅಂತ ಹಿಡಿದರೆ ಒಟ್ಟು 5 ಮೀಟರ್ ಹೆಡ್. ದಕ್ಷತೆ ಶೇ. 80. ಒಂದು ಪಂಪಿಗೆ ಸುಮಾರು 370 ಕಿಲೋವ್ಯಾಟ್. ಹತ್ತಿರ ಹತ್ತಿರ 500 ಎಚ್‌ಪಿ.

ಹಳೇ_ಪಂಪು

ಈಗ ದಾರಿಗೆ ಬಂದೆ. ಹೆಡ್ ಕಡಿಮೆ, ನೀರು ವಿಪರೀತ. ಅದಕ್ಕೇ ಇಲ್ಲಿ ಮನೆ ಪಂಪಿನ ಜಾತಿ ನಡೆಯುವುದಿಲ್ಲ, ಆಕ್ಸಿಯಲ್ ಇಲ್ಲಾ ಮಿಕ್ಸ್‌ಡ್ ಫ್ಲೋ ಬೇಕು. ಹಡಗಿನ ಪ್ರೊಪೆಲ್ಲರ್ ಅನ್ನ ಪೈಪಿನಲ್ಲಿ ನಿಲ್ಲಿಸಿದ ಹಾಗೆ.

ಒಂದು ಎಚ್ಚರ. ಮಾಮೂಲಿ ಸೆಂಟ್ರಿಫ್ಯೂಗಲ್ ಪಂಪನ್ನ ವಾಲ್ವ್ ಮುಚ್ಚಿ ಶುರು ಮಾಡುವುದು ನಮ್ಮ ಕೈಗೆ ರೂಢಿ. ಆಕ್ಸಿಯಲ್ ಪಂಪನ್ನ ಹಾಗೆ ಶುರು ಮಾಡಿದರೆ ಮೋಟರ್ ಉಸಿರು ಕಟ್ಟುತ್ತದೆ. ಹರಿವು ಸೊನ್ನೆ ಇದ್ದಾಗಲೇ ಅದು ಅತಿ ಜಾಸ್ತಿ ಕರೆಂಟ್ ಎಳೆಯೋದು.

ಪರೇಲ್_ಪಾರಿವಾಳ

ನಿಮ್ಮ ಮಾತಿನ ಮಧ್ಯೆ ಬಂದೆ, ಕ್ಷಮಿಸಿ. ನಾನು ಇಂಜಿನಿಯರ್ ಅಲ್ಲ. ನಲವತ್ತು ವರ್ಷದಿಂದ ಪರೇಲ್‌ನಲ್ಲಿದ್ದೀನಿ. ಹಾಜಿ ಅಲಿ, ಲವ್ ಗ್ರೋವ್, ಕ್ಲೀವ್‌ಲ್ಯಾಂಡ್ ಬಂದರ್, ಬ್ರಿಟಾನಿಯಾ, ಇರ್ಲಾ, ಗಜಧರಬಂಧ್, ಹೀಗೆ ಆರು ದೊಡ್ಡ ಪಂಪ್ ಸ್ಟೇಷನ್ ಆದವು. ಆದರೂ ಇಲ್ಲೇ ತಗ್ಗಿನಲ್ಲಿರುವ ಹಿಂದ್‌ಮಾತಾದಲ್ಲಿ ಸೀರೆ ಎತ್ತಿಕೊಂಡು ನಡೆದದ್ದು ಎಷ್ಟು ಸಲವೋ. ಹಾಗಾದರೆ ಈ 500 ಎಚ್‌ಪಿ ಏನು ಮಾಡ್ತಿತ್ತು?

ಹಳೇ_ಪಂಪು

ಅಮ್ಮಾ, ಈ ಚರ್ಚೆಯಲ್ಲಿ ಬಂದ ಅತ್ಯಂತ ಒಳ್ಳೆ ಪ್ರಶ್ನೆ ನಿಮ್ಮದು.

ನನ್ನದೇ ಒಂದು ರಾತ್ರಿ ಹೇಳ್ತೀನಿ. ಯಾವ ಸ್ಟೇಷನ್, ಯಾವ ವರ್ಷ ಬೇಡ. ಸಂಜೆಯಿಂದ ಹುಚ್ಚು ಮಳೆ. ಕಂಟ್ರೋಲ್ ರೂಮಿಗೆ ಫೋನ್ ಮೇಲೆ ಫೋನ್. ರಸ್ತೆಯಲ್ಲಿ ಮೊಣಕಾಲುದ್ದ ನೀರು, ಪಂಪ್ ಯಾಕೆ ನಿಲ್ಲಿಸಿದ್ದೀರಿ ಅಂತ ಬೈಗುಳ. ನಾವು ನಿಲ್ಲಿಸಿರಲಿಲ್ಲ. ಪಂಪ್ ತಾನೇ ನಿಲ್ಲುತ್ತಿತ್ತು. ಪ್ಯಾನೆಲ್‌ನಲ್ಲಿ ಕೆಂಪು ದೀಪ: ಸಂಪ್‌ನಲ್ಲಿ ನೀರು ಕಡಿಮೆ. ಹೊರಗೆ ಊರು ಮುಳುಗ್ತಾ ಇದೆ, ಒಳಗೆ ಸಂಪ್ ಖಾಲಿ! ಸೆನ್ಸರ್ ಕೆಟ್ಟಿದೆ ಅಂತ ಹುಡುಗನನ್ನ ಕಳಿಸಿದೆ. ಅವನು ಟಾರ್ಚ್ ಬಿಟ್ಟು ನೋಡಿ, ‘ಸಾಹೇಬ್, ನೀರು ನಿಜವಾಗಲೂ ಇಲ್ಲ’ ಅಂದ.

ರೇನ್‌ಕೋಟ್ ಹಾಕಿಕೊಂಡು ಮುಂದಿನ ಕಸ ತಡೆಯುವ ಜಾಲರಿ ಹತ್ತಿರ ಹೋದೆವು. ಜಾಲರಿಯ ಆಚೆ ನೀರು ನನ್ನ ಎದೆ ಮಟ್ಟ, ಈಚೆ ಎರಡು ಆಳು ಕೆಳಗೆ. ನಡುವೆ ಗೋಡೆಯ ಹಾಗೆ ಪ್ಲಾಸ್ಟಿಕ್, ಥರ್ಮಾಕೋಲ್, ಎಳನೀರು ಬುರುಡೆ. ಮಧ್ಯದಲ್ಲಿ ಒಂದು ಹಾಸಿಗೆ. ಡಬಲ್ ಬೆಡ್ ಹತ್ತಿ ಹಾಸಿಗೆ. ನೀರು ಕುಡಿದು ಜಾಲರಿಗೆ ಅಪ್ಪಿಕೊಂಡಿತ್ತು. ಕಸ ಎತ್ತುವ ಯಂತ್ರದ ಹಲ್ಲು ಅದಕ್ಕೆ ಸಿಕ್ಕಿ ಸರಪಳಿ ಜಾರಿತ್ತು. ಏಳು ಜನ, ಒಂದು ಹಗ್ಗ, ಒಂದೂವರೆ ಗಂಟೆ. ಹಾಸಿಗೆ ಹೊರಗೆ ಬಂದ ಕ್ಷಣ ಸಂಪ್ ತುಂಬಿದ ಸದ್ದು ಇನ್ನೂ ಕಿವಿಯಲ್ಲಿದೆ.

ಪಂಪ್ ಏನು ಮಾಡ್ತಿತ್ತು ಅಂತ ಕೇಳಿದಿರಲ್ಲ. ನೀರಿಗೆ ಕಾಯ್ತಾ ಇತ್ತು. ಪಂಪ್ ತನ್ನ ಬಾಯಿಗೆ ಬಂದ ನೀರನ್ನ ಮಾತ್ರ ಎತ್ತುತ್ತದೆ. ನಿಮ್ಮ ಹಿಂದ್‌ಮಾತಾ ಒಂದು ಬಟ್ಟಲು. ಅಲ್ಲಿಂದ ಬ್ರಿಟಾನಿಯಾ ತನಕ ನೀರು ಬರಬೇಕಾದರೆ ಹಳೇ ಚರಂಡಿಯಲ್ಲೇ ಬರಬೇಕು, ಆ ದಾರಿ ಕಿರಿದು. ಅದಕ್ಕೇ ಆಮೇಲೆ ಪಕ್ಕದ ಮೈದಾನಗಳ ಅಡಿಯಲ್ಲಿ ಕೋಟಿಗಟ್ಟಲೆ ಲೀಟರ್ ಹಿಡಿಯುವ ಟ್ಯಾಂಕ್ ಮಾಡಿದ್ದು. ಉಬ್ಬರ ಇಳಿಯುವ ತನಕ ಅಲ್ಲೇ ಕೂಡಿಡಲಿ ಅಂತ.

ಪರೇಲ್_ಪಾರಿವಾಳ

ಟ್ಯಾಂಕ್ ಆದ ಮೇಲೆ ನೀರು ಮೊದಲಿಗಿಂತ ಬೇಗ ಇಳಿಯುತ್ತದೆ, ಸುಳ್ಳು ಹೇಳಬಾರದು. ಆದರೆ ಹಾಸಿಗೆ ಎಸೆದವರು ಯಾರು ಅಂತ ನನಗೆ ಸಿಟ್ಟು ಬರ್ತಿದೆ.

ಕಾಂಕ್ರೀಟು_ಕುಡ್ಲ

ಹಾಸಿಗೆ ಬಿಡಿ ಮಾರಾಯ್ರೆ, ನಮ್ಮ ಸೈಟ್‌ನಲ್ಲಿ ಫ್ರಿಜ್ ಬಂದಿತ್ತು. ಬಾಗಿಲು ಸಮೇತ.

ನಾನು ಕಟ್ಟುವವನು. ಡಿಸೈನ್ ಮಾಡುವವರು ಪಂಪ್, ಪಂಪ್ ಅನ್ನುತ್ತಾರೆ. ದುಡ್ಡಿನ ದೊಡ್ಡ ಪಾಲು ಹೋಗುವುದು ನೆಲದ ಕೆಳಗಿನ ಗುಂಡಿಗೆ. ಸಮುದ್ರದ ಪಕ್ಕ ಹನ್ನೆರಡು ಮೀಟರ್ ಅಗೆಯಬೇಕು. ಮೇಲೆ ತುಂಬಿದ ಮಣ್ಣು, ಕೆಳಗೆ ಕೆಸರಿನಂಥ ಮರೈನ್ ಕ್ಲೇ, ಅದರ ಕೆಳಗೆ ಬಂಡೆ. ಸುತ್ತ ಮಣ್ಣು, ನೀರು ತಡೆಯುವ ಕಾಂಕ್ರೀಟ್ ಗೋಡೆ, ಡಯಾಫ್ರಾಮ್ ವಾಲ್ ಇಲ್ಲಾ ಸೀಕಂಟ್ ಪೈಲ್, ಹಾಕದೆ ಗುದ್ದಲಿ ಮುಟ್ಟಬಾರದು.

ಗದಗಿನವರೇ, ನಿಮ್ಮ ಲೆಕ್ಕದಲ್ಲಿ ಒಂದು ಸಾಲು ಕಾಣಿಸಲಿಲ್ಲ. ಖಾಲಿ ಸಂಪ್ ಅಂದರೆ ದೋಣಿ! ಸುತ್ತ ಮಣ್ಣಿನಲ್ಲಿ ನೀರು ತುಂಬಿದೆ, ಒಳಗೆ ಖಾಲಿ. ತಳದಿಂದ ಹತ್ತು ಮೀಟರ್ ಮೇಲೆ ನೀರಿನ ಮಟ್ಟ ಇದ್ದರೆ ಪ್ರತಿ ಚದರ ಮೀಟರಿಗೆ ಹತ್ತು ಟನ್ ಮೇಲಕ್ಕೆ ತಳ್ಳುತ್ತದೆ. ಬರೀ ಕಾಂಕ್ರೀಟ್ ತೂಕದಿಂದ ಅದನ್ನ ಅದುಮಿ ಹಿಡಿಯಬೇಕಾದರೆ ನಾಲ್ಕು ಮೀಟರ್ ದಪ್ಪದ ರಾಫ್ಟ್ (ತಳದ ಹಾಸು) ಬೇಕು. ಅಷ್ಟು ಯಾರೂ ಹಾಕುವುದಿಲ್ಲ. ಗೋಡೆಗಳ ತೂಕ, ಅಂಚಿನ ಮೇಲಿನ ಮಣ್ಣಿನ ತೂಕ ಸೇರಿಸಿ, ಉಳಿದದ್ದಕ್ಕೆ ಬಂಡೆಗೆ ಆ್ಯಂಕರ್ ಹಾಕಿ ಕಟ್ಟುತ್ತಾರೆ. ಅಪಾಯ ಜಾಸ್ತಿ ಇರುವುದು ಕಟ್ಟುವಾಗ. ಗೋಡೆ ಪೂರ್ತಿ ಎದ್ದಿಲ್ಲ, ತೂಕ ಬಂದಿಲ್ಲ, ಆಗ ಸುತ್ತಲ ನೀರು ಹೊರಹಾಕುವ ಡೀವಾಟರಿಂಗ್ ಪಂಪ್ ಕೆಟ್ಟರೆ ತಳ ಉಬ್ಬುತ್ತದೆ. ನಾವು ಒಂದು ಕಡೆ ಮೇ ಕೊನೆಯಲ್ಲಿ ಹಾಗೇ ಸಿಕ್ಕಿಬಿದ್ದೆವು. ಕೊನೆಗೆ ನಾವೇ ಗುಂಡಿಗೆ ಸಮುದ್ರದ ನೀರು ಬಿಟ್ಟು ಮುಳುಗಿಸಿದೆವು. ಮಳೆಗಾಲ ಪೂರ್ತಿ ಅದು ಕೆರೆ. ಅಕ್ಟೋಬರ್‌ನಲ್ಲಿ ಮತ್ತೆ ಖಾಲಿ ಮಾಡಿ, ಕೆಸರು ಬಳಿದು ಶುರು.

ವರ್ಷಕ್ಕೆ ಎಂಟೇ ತಿಂಗಳು ಕೆಲಸ. ಅದರಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಮುಟ್ಟಬೇಕಾದರೆ ಹೈಕೋರ್ಟ್ ಅನುಮತಿ. ಮುಂಬಯಿಯ ಮೋಗ್ರಾ, ಮಾಹುಲ್ ಪಂಪ್ ಸ್ಟೇಷನ್ ಎರಡೂ ಜಾಗದ ಜಗಳದಲ್ಲೇ ಎಷ್ಟು ವರ್ಷ ಕಳೆದವು ನೋಡಿ.

ಹೆಬ್ಬಾಳ_ಕೆರೆದಂಡೆ

ಬೆಂಗಳೂರಿಗೂ ಇಂಥ ನಾಲ್ಕು ಪಂಪ್ ಹಾಕಿಸಿಬಿಡಿ ಸ್ವಾಮಿ. 2022ರಲ್ಲಿ ಔಟರ್ ರಿಂಗ್ ರೋಡ್‌ನಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದೆವು.

ಹಳೇ_ಪಂಪು

ಎಲ್ಲಿಗೆ ಎತ್ತಿ ಹಾಕೋದು? ಬೆಂಗಳೂರು ಸಮುದ್ರದಿಂದ 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರಿಗೆ ಹೋಗಲು ಇಳಿಜಾರಿಗೆ ಬರ ಇಲ್ಲ, ದಾರಿಗೆ ಬರ. ರಾಜಕಾಲುವೆ ಬಿಡಿಸಿಕೊಡಿ, ಪಂಪ್ ಕೇಳಲೇಬೇಡಿ. ಅಂಡರ್‌ಪಾಸ್‌ಗಳಿಗೆ ಮಾತ್ರ ಬೇಕು. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಒಂದು ಜೀವ ಹೋಯಿತಲ್ಲ, ಮರೆಯಕ್ಕಾಗಲ್ಲ.

ಹೆಬ್ಬಾಳ_ಕೆರೆದಂಡೆ

ಒಪ್ಪಿದೆ. ಆದರೆ 2022ರ ಅದೇ ಸೆಪ್ಟೆಂಬರ್‌ನ ಇನ್ನೊಂದು ಕಥೆ ನಿಮ್ಮ ಹುಡುಗನಿಗೆ ಉಪಯೋಗ ಆಗಬಹುದು. ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯಲ್ಲಿ ಬೆಂಗಳೂರಿಗೆ ಕಾವೇರಿ ನೀರು ತಳ್ಳುವ ಪಂಪ್‌ಹೌಸ್ ಇದೆ. ಪಕ್ಕದ ಹೊಳೆ ಉಕ್ಕಿ ಪಂಪ್‌ಹೌಸೇ ಮುಳುಗಿತು. ಮೋಟರ್, ಪ್ಯಾನೆಲ್ ಎಲ್ಲಾ ನೀರಲ್ಲಿ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ ಆಳುದ್ದ ನೀರು, ನಲ್ಲಿಯಲ್ಲಿ ಹನಿ ಇಲ್ಲ. ಮುಖ ತೊಳೆಯಕ್ಕೆ ಬಿಸ್ಲೇರಿ.

ಗದಗಿನ_ಗಣಿತ

ಅಯ್ಯೋ. ನನ್ನ ಡ್ರಾಯಿಂಗ್‌ನಲ್ಲಿ ಪ್ಯಾನೆಲ್ ರೂಮ್, ಜನರೇಟರ್ ಎರಡೂ ನೆಲದ ಮಟ್ಟದಲ್ಲೇ ಇವೆ.

ಹಳೇ_ಪಂಪು

ಎತ್ತು, ಮೊದಲು ಎತ್ತು. ಅಮೆರಿಕದ ನ್ಯೂ ಓರ್ಲಿಯನ್ಸ್‌ನಲ್ಲಿ ನೂರು ವರ್ಷದ ಹಿಂದೆ ಬಾಲ್ಡ್‌ವಿನ್ ವುಡ್ ಮಾಡಿದ ಸ್ಕ್ರೂ ಪಂಪುಗಳಿವೆ. ಈಗಲೂ ಓಡುತ್ತವೆ, ಬೆಣ್ಣೆ ಹಾಗೆ. ಆದರೆ ಅವು ಹಳೇ 25 ಸೈಕಲ್ ಕರೆಂಟಿನವು, ಅದಕ್ಕೆ ಊರಿನದೇ ಟರ್ಬೈನ್ ಬೇಕು. 2017ರ ಆಗಸ್ಟ್‌ನಲ್ಲಿ ಮಳೆ ಬಂದಾಗ ಆ ಟರ್ಬೈನ್‌ಗಳಲ್ಲೂ ಪಂಪ್‌ಗಳಲ್ಲೂ ಎಷ್ಟೋ ಕೆಟ್ಟು ಕೂತಿದ್ದವು. ಊರು ಮುಳುಗಿತು. ಅದೇ ಊರಿನ ಹೊರಗೆ 2011ರಲ್ಲಿ ಶುರುವಾದ ವೆಸ್ಟ್ ಕ್ಲೋಷರ್ ಸ್ಟೇಷನ್ ನೋಡು. ಹನ್ನೊಂದು ಪಂಪ್, ಸೆಕೆಂಡಿಗೆ 540 ಘನ ಮೀಟರ್. ಅಲ್ಲಿ ಪಂಪಿಗೆ ಮೋಟರ್ ಹಾಕಲೇ ಇಲ್ಲ, ನೇರವಾಗಿ ಡೀಸೆಲ್ ಎಂಜಿನ್. ಕರೆಂಟ್ ನಂಬಿ ಕೆಟ್ಟವರು ಮಾಡುವ ಕೆಲಸ.

ನಿನಗೆ ಅಷ್ಟು ಬೇಡ. ಎರಡು ಬೇರೆ ಬೇರೆ ಸಬ್‌ಸ್ಟೇಷನ್‌ನಿಂದ ಲೈನ್, ಮೇಲೆ ಜನರೇಟರ್. ನಾಲ್ಕು ಮೋಟರನ್ನ ಒಟ್ಟಿಗೆ ಶುರು ಮಾಡಬೇಡ, ಜನರೇಟರ್ ಕೂತುಬಿಡುತ್ತದೆ. ಒಂದಾದ ಮೇಲೆ ಒಂದು.

ಡೆಲ್ಫ್ಟ್_ದೋಸೆ

ನೆದರ್‌ಲ್ಯಾಂಡ್ಸ್‌ನಿಂದ ಒಂದು ಮಾತು. ಇಲ್ಲಿ ಲೆಮ್ಮರ್ ಊರಿನಲ್ಲಿ 1920ರ ಉಗಿ ಪಂಪ್ ಸ್ಟೇಷನ್ ಇದೆ, ಯುನೆಸ್ಕೋ ಪಟ್ಟಿಯಲ್ಲಿದೆ, ನೀರು ತುಂಬಾ ಏರಿದರೆ ಇವತ್ತಿಗೂ ಬಾಯ್ಲರ್ ಹೊತ್ತಿಸುತ್ತಾರೆ. ಹಾಗಂತ ಇವರು ಪಂಪನ್ನೇ ನಂಬಿದವರಲ್ಲ. ಮೊದಲು ನೀರಿಗೆ ಕೂರಲು ಜಾಗ, ಆಮೇಲೆ ಪಂಪ್. ನೀವು 23.6 ಬಂದ ತಕ್ಷಣ 24 ಎತ್ತುವ ಪಂಪ್ ಹಾಕಿದಿರಿ. ಮುಂದೆ ಒಂದು ಕೆರೆ ಇದ್ದರೆ ಮೂರು ಪಂಪ್ ಸಾಕಾಗಬಹುದು. ನವಿ ಮುಂಬಯಿಯಲ್ಲೇ ಇದ್ದೀರಿ, ಹೋಲ್ಡಿಂಗ್ ಪಾಂಡ್ ನೋಡಿಲ್ವಾ? ಅದು ನಮ್ಮ ನೆದರ್‌ಲ್ಯಾಂಡ್ಸ್ ಕಡೆಯ ಪದ್ಧತಿಯೇ.

ಗದಗಿನ_ಗಣಿತ

ದಿನಾ ಬೆಳಿಗ್ಗೆ ಅದರ ಪಕ್ಕದಲ್ಲೇ ವಾಕಿಂಗ್ ಹೋಗ್ತೀನಿ, ಅದು ಚರಂಡಿ ವ್ಯವಸ್ಥೆ ಅಂತ ಗೊತ್ತೇ ಇರಲಿಲ್ಲ! ಉಬ್ಬರ ಬಂದರೆ ಬಾಗಿಲು ತಾನಾಗಿ ಮುಚ್ಚಿ ನೀರು ಕೆರೆಯಲ್ಲಿ ನಿಲ್ಲುತ್ತದೆ, ಇಳಿತ ಬಂದರೆ ತೆರೆದು ಹೋಗುತ್ತದೆ, ಅಷ್ಟೇ ಅಲ್ವಾ? ಆದರೆ ಈಗ ಅದರೊಳಗೆ ಕಾಂಡ್ಲಾ ಕಾಡೇ ಬೆಳೆದಿದೆ. ಹೂಳು ತೆಗೆಯೋಣ ಅಂದರೆ ಗಿಡ ಕಡಿಯುವಂತಿಲ್ಲ.

ಕಾಂಕ್ರೀಟು_ಕುಡ್ಲ

ಕೆರೆಗೆ ಜಾಗ ಎಲ್ಲಿದೆ ಡೆಲ್ಫ್ಟ್‌ನವರೇ? ಮುಂಬಯಿಯಲ್ಲಿ ಒಂದು ಪಾರ್ಕಿಂಗ್ ಜಾಗದ ರೇಟಿಗೆ ನಮ್ಮೂರಲ್ಲಿ ತೋಟ ಬರುತ್ತದೆ. ಜಪಾನಿನವರ ಹಾಗೆ ನೆಲದ ಕೆಳಗೆ ಹೋಗಬೇಕು ಅಷ್ಟೇ. ಟೋಕಿಯೋ ಹತ್ತಿರ ಕಸುಕಾಬೆಯಲ್ಲಿ ಮಾಡಿದ್ದಾರಲ್ಲ. ಐವತ್ತು ಮೀಟರ್ ಆಳದಲ್ಲಿ 6.3 ಕಿ.ಮೀ. ಸುರಂಗ, ಕೊನೆಗೆ 177 ಮೀಟರ್ ಉದ್ದದ ಟ್ಯಾಂಕ್, ಒಳಗೆ ತಲಾ 500 ಟನ್ನಿನ 59 ಕಂಬ. ವಿಮಾನದ ಎಂಜಿನ್ ಮಾರ್ಪಡಿಸಿ ನಾಲ್ಕು ಪಂಪ್ ಓಡಿಸ್ತಾರೆ. ಕಟ್ಟುವುದಕ್ಕೆ 1993ರಿಂದ 2006ರ ತನಕ ಹಿಡಿಯಿತು. ಅದನ್ನು ಕಟ್ಟಿದವರ ಮೇಲೆ ನನಗೆ ಹೊಟ್ಟೆಕಿಚ್ಚು.

ಡೆಲ್ಫ್ಟ್_ದೋಸೆ

ಹೊಟ್ಟೆಕಿಚ್ಚು ಸರಿ. ಆದರೆ ಅಲ್ಲೂ ಟ್ಯಾಂಕ್ ಇದೆ ನೋಡಿ. ನಾನು ಹೇಳಿದ್ದೂ ಅದನ್ನೇ.

ಗದಗಿನ_ಗಣಿತ

ಸಂಪ್ ಎಷ್ಟು ದೊಡ್ಡದು ಬೇಕು ಅನ್ನುವುದಕ್ಕೆ ಪುಸ್ತಕದಲ್ಲಿ ಒಂದು ಸೂತ್ರ ಸಿಕ್ಕಿತು. ಪಂಪಿನ ಹರಿವನ್ನ ಎರಡು ಸ್ಟಾರ್ಟ್ ನಡುವಿನ ಸಮಯದಿಂದ ಗುಣಿಸಿ ನಾಲ್ಕರಿಂದ ಭಾಗಿಸೋದು. ಹತ್ತು ನಿಮಿಷ ಹಿಡಿದರೆ 900 ಘನ ಮೀಟರ್ ಬಂತು.

ಹಳೇ_ಪಂಪು

ಸರಿ. ಅದು ಮೋಟರ್ ಸುಡದೆ ಇರಲು ಬೇಕಾದ ಅಳತೆ. ದೊಡ್ಡ ಮೋಟರ್ ಗಂಟೆಗೆ ಆರು ಸಲಕ್ಕಿಂತ ಜಾಸ್ತಿ ಶುರುವಾಗುವುದನ್ನ ಸಹಿಸುವುದಿಲ್ಲ. ಎಷ್ಟೋ ಮೋಟರ್‌ಗೆ ಅಷ್ಟೂ ಜಾಸ್ತಿ, ತಯಾರಿಸಿದವರನ್ನ ಕೇಳು.

ಅಳತೆಗಿಂತ ಆಕಾರ ಮುಖ್ಯ. ನೀರು ಪಂಪಿನ ಬಾಯಿಗೆ ನೆಟ್ಟಗೆ, ನಿಧಾನವಾಗಿ ಬರಬೇಕು. ಸೆಕೆಂಡಿಗೆ ಅರ್ಧ ಮೀಟರ್ ದಾಟಬಾರದು. ಮೂಲೆ ತಿರುಗಿಸಿ ತಂದರೆ ಸುಳಿ ಏಳುತ್ತದೆ, ಸುಳಿ ಗಾಳಿ ಎಳೆಯುತ್ತದೆ, ಪಂಪ್ ಗರಗರ ಅಂತ ಕಲ್ಲು ಅಗಿದ ಸದ್ದು ಮಾಡುತ್ತದೆ. ನಿನ್ನ ಗಾತ್ರದ್ದಕ್ಕೆ ಮಾದರಿ ಮಾಡಿ ಪರೀಕ್ಷೆ ಮಾಡಲೇಬೇಕು. ಒಂದು ಪಂಪ್ ಸೆಕೆಂಡಿಗೆ ಎರಡೂವರೆ ಘನ ಮೀಟರ್ ದಾಟಿದರೆ ಅಮೆರಿಕದ ಪಂಪ್ ತಯಾರಕರ ಸಂಘವಾದ ಹೈಡ್ರಾಲಿಕ್ ಇನ್‌ಸ್ಟಿಟ್ಯೂಟಿನ ನಿಯಮವೂ ಅದನ್ನೇ ಹೇಳುತ್ತದೆ, ನಿನ್ನದು ಆರು. ಪುಣೆ ಹತ್ತಿರ ಖಡಕ್‌ವಾಸ್ಲಾದ ಸಂಶೋಧನಾ ಕೇಂದ್ರದಲ್ಲಿ ಇಂಥ ಮಾದರಿ ಮಾಡ್ತಾರೆ. ಪಾರದರ್ಶಕ ಪೆಟ್ಟಿಗೆ, ನೀರಿಗೆ ಒಂದು ಹನಿ ಬಣ್ಣ. ಬಣ್ಣ ದಾರದ ಹಾಗೆ ಸುತ್ತಿಕೊಂಡು ಬಾಯಿಗೆ ಇಳಿದರೆ ನಿನ್ನ ಡಿಸೈನ್ ಫೇಲು. ತಳದಲ್ಲಿ ಒಂದು ಸಣ್ಣ ಏಣು ಇಟ್ಟರೆ ಆ ದಾರ ಕಡಿಯುತ್ತದೆ. ನೋಡಕ್ಕೆ ಬಲು ಚಂದ.

ಇನ್ನೊಂದು. ಇವು ನಾಲ್ಕು ತಿಂಗಳು ದುಡಿದು ಎಂಟು ತಿಂಗಳು ಮಲಗುವ ಯಂತ್ರ. ಸಮುದ್ರದ ಗಾಳಿಗೆ ಮೋಟರ್ ಒಳಗೆ ತೇವ ಕೂರುತ್ತದೆ. ಒಳಗಿನ ಸಣ್ಣ ಹೀಟರ್ ವರ್ಷಪೂರ್ತಿ ಉರಿಯಲಿ. ಬಿಲ್ ಉಳಿಸ್ತೀನಿ ಅಂತ ಯಾರೋ ಅದನ್ನ ಆರಿಸುತ್ತಾರೆ, ಮೇ ತಿಂಗಳ ಟ್ರಯಲ್‌ನಲ್ಲಿ ವೈಂಡಿಂಗ್ ಢಮ್ ಅನ್ನುತ್ತದೆ.

ಗದಗಿನ_ಗಣಿತ (ಹನ್ನೆರಡು ದಿನದ ನಂತರ)

ಅಪ್‌ಡೇಟ್. ಬಾಸ್ ಒಂದು ಓಡುತ್ತಿರುವ ಸ್ಟೇಷನ್ ತೋರಿಸಿದರು. ಉಬ್ಬರದ ಹೊತ್ತು, ಮಧ್ಯಮ ಮಳೆ, ಎರಡು ಪಂಪ್ ಓಡುತ್ತಿದ್ದವು. ನಾನು ಪಂಪ್ ನೋಡಲು ಹೋದವನು ಜಾಲರಿ ಮುಂದೆಯೇ ಎರಡು ಗಂಟೆ ನಿಂತೆ. ಯಂತ್ರದ ಹಲ್ಲು ಕೆಳಗೆ ಹೋಗಿ, ನೀರಿನಿಂದ ನಿಧಾನವಾಗಿ ಮೇಲೆ ಬರುತ್ತದೆ. ಒಂದು ಚಪ್ಪಲಿ. ಹೂವಿನ ಹಾರ. ಹಾಲಿನ ಪ್ಯಾಕೆಟ್ಟುಗಳು, ಲೆಕ್ಕ ಇಲ್ಲ. ಕ್ರಿಕೆಟ್ ಬಾಲ್ ಒಂದು, ಆಪರೇಟರ್ ಅದನ್ನ ಒರೆಸಿ ಜೇಬಿಗೆ ಹಾಕಿಕೊಂಡರು.

ವಾಪಸ್ ಬಂದು ಒಂದರ ಹಿಂದೆ ಒಂದು ಎರಡು ಜಾಲರಿ ಬರೆದೆ. ಮುಂದಿನದು ಅಗಲ ಸಂದಿನದು, ಹಿಂದಿನದು ಕಿರಿದು. ಎರಡರ ಹಿಂದೆ ಮುಂದೆ ಮಟ್ಟ ಅಳೆಯುವ ಸೆನ್ಸರ್, ಅರ್ಧ ಅಡಿ ವ್ಯತ್ಯಾಸ ಬಂದರೆ ಗಂಟೆ ಹೊಡೆಯುವ ಹಾಗೆ. ಆ್ಯಂಕರ್ ಸಾಲು ಸೇರಿಸಿದೆ. ಹೆಮ್ಮೆಯಿಂದ ಬಾಸ್‌ಗೆ ತೋರಿಸಿದೆ. ಅವರು ಐದು ನಿಮಿಷ ನೋಡಿ ಒಂದೇ ಪ್ರಶ್ನೆ ಕೇಳಿದರು: ‘ಎತ್ತಿದ ಕಸ ಎಲ್ಲಿಡ್ತೀಯ?’

ಕಾಂಕ್ರೀಟು_ಕುಡ್ಲ

😂😂 ಕೇಳಿಯೇ ಕೇಳುತ್ತಾರೆ.

ಹಳೇ_ಪಂಪು

ಲಾರಿ ಹಿಂದೆ ಮುಂದೆ ಮಾಡದೆ ತಿರುಗಬೇಕು. ರಾತ್ರಿ, ಮಳೆಯಲ್ಲಿ, ಹೊಸ ಡ್ರೈವರ್ ಇದ್ದಾಗಲೂ.

ಗದಗಿನ_ಗಣಿತ

ಅಷ್ಟು ಜಾಗ ಬಿಟ್ಟರೆ ಜನರೇಟರ್ ಕೆಳಗೆ ಹಿಡಿಯಲಿಲ್ಲ ಸರ್. ಮೊದಲನೇ ಮಹಡಿಗೆ ಹೋಯಿತು.

ಹೆಬ್ಬಾಳ_ಕೆರೆದಂಡೆ

ಅಲ್ಲೇ ಇರಲಿ ಬಿಡಿ.